ಸ್ಕೈಲೈನ್ ದಾರಿಯಲ್ಲಿ ಎರಡು ಕೆಂಪು ಗೆರೆ

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸರಟೋಗಾದ ಪೇಟೆ ಬೀದಿಯಿಂದ ನಮ್ಮ ಐದು ಕಿಟ್ ಕಾರುಗಳು ಹೊರಟವು. ಬೆಟ್ಟ ಹತ್ತಿ, ಸ್ಕೈಲೈನ್ ಎಂಬ ನೆತ್ತಿಯ ರಸ್ತೆಯಲ್ಲಿ ಸಾಗಿ, ಲಾ ಹೋಂಡಾ ಕಡೆಗೆ ಇಳಿದು, ಸಮುದ್ರದ ದಂಡೆಯ ಹಾಫ್ ಮೂನ್ ಬೇ ಊರಿನಲ್ಲಿ ಊಟ ಮಾಡಿ, ಸಂಜೆಯೊಳಗೆ ಮನೆ ಸೇರುವುದೆಂದು ಯೋಜನೆ. ಒಟ್ಟು ಎಂಬತ್ತು ಮೈಲಿಯ ಆಸುಪಾಸು. ಪೆಟ್ರೋಲು ಗ್ಯಾಲನ್ನಿಗೆ ಎರಡು ಡಾಲರ್ ಮುಟ್ಟುತ್ತಿದ್ದ ಕಾಲ. ಗೊಣಗಿಕೊಂಡೇ ಟ್ಯಾಂಕು ತುಂಬಿಸಿದ್ದೆ. ಕೆಳಗೆ ಕಣಿವೆಯಲ್ಲಿ ಮಂಜು ಕವಿದಿತ್ತು, ಬೆರಳು ಕೊರೆಯುವ ಚಳಿ. ನಮ್ಮ ಕಾರುಗಳಿಗೆ ಚಾವಣಿ ಇರುವುದಿಲ್ಲ. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು ನಂದಿನಿ ಎರಡು ಸ್ವೆಟರು ತೊಟ್ಟು, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

ಕಿಟ್ ಕಾರು ಎಂದರೆ ಏನೆಂದು ಊರಿನವರಿಗೆ ಹೇಳಬೇಕು. ಇದು ಷೋರೂಮಿನಲ್ಲಿ ಸಿಗುವ ಕಾರಲ್ಲ. ಕಬ್ಬಿಣದ ಚೌಕಟ್ಟು, ಫೈಬರ್‌ಗ್ಲಾಸಿನ ಮೈ, ನಾಲ್ಕಾರು ಡಬ್ಬಿ ತುಂಬ ನಟ್ಟು ಬೋಲ್ಟು ಲಾರಿಯಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಎಂಜಿನ್ನು, ಗೇರು ನಾವೇ ಎಲ್ಲಿಂದಲೋ ತಂದು, ಗ್ಯಾರೇಜಿನಲ್ಲಿ ವಾರಾಂತ್ಯಗಳನ್ನು ಸವೆಸಿ ಜೋಡಿಸಬೇಕು. ಸರ್ಕಾರದವರು ನೋಡಿ ಒಪ್ಪಿದರೆ ನಂಬರು ಸಿಗುತ್ತದೆ. ಆಮೇಲೂ ಅದು ಮುಗಿಯುವುದಿಲ್ಲ. ಈ ವಾರ ಸೀಟು ಬದಲಾಯಿಸು, ಮುಂದಿನ ವಾರ ಸೈಲೆನ್ಸರು ಬದಲಾಯಿಸು ಎಂದು ನಡೆದೇ ಇರುತ್ತದೆ.

ನನ್ನದು ಹಳದಿ ಕಾರು. ಗುಜರಿಗೆ ಬಿದ್ದಿದ್ದ ಹಳೆಯ ಕಾರೊಂದರ ನಾಲ್ಕು ಸಿಲಿಂಡರಿನ ಎಂಜಿನ್ನು. ಬಣ್ಣವನ್ನೂ ನಾನೇ ಹೊಡೆದದ್ದು, ಹತ್ತಿರ ಹೋಗಿ ನೋಡಬಾರದು. ಮೂರು ವರ್ಷ ತೆಗೆದುಕೊಂಡೆ. ಬೇ ಏರಿಯಾದ ಕನ್ನಡಿಗರಲ್ಲಿ ಇಂಥ ಕಾರು ಕಟ್ಟಿದವನು ನಾನೊಬ್ಬನೇ ಎಂದು ಕನ್ನಡ ಕೂಟದ ಸಮಾರಂಭಗಳಲ್ಲಿ ಜನ ಬೆರಳು ಮಾಡಿ ತೋರಿಸುತ್ತಿದ್ದರು. ಆ ಸುಖ ಒಂದೂವರೆ ವರ್ಷ ನಡೆಯಿತು. ಆಮೇಲೆ ಶ್ರೀಧರ ಕಟ್ಟಿದ.

ಶ್ರೀಧರ ಮೈಸೂರಿನವನು, ಪಾಲೋ ಆಲ್ಟೋದಲ್ಲಿ ಕೆಲಸ. ಆಗ ಡಾಟ್‌ಕಾಮ್ ಹುಚ್ಚು. ಅವನ ಕಂಪನಿಯ ಷೇರು ಆಕಾಶಕ್ಕೆ ಏರಿ ಕೂತಿತ್ತು. ನಾನಿದ್ದದ್ದು ಕಂಪ್ಯೂಟರ್ ಚಿಪ್ಪು ಪರೀಕ್ಷಿಸುವ ಯಂತ್ರ ಮಾಡುವ ಕಂಪನಿ. ಅದರ ಷೇರನ್ನು ಕೇಳುವವರೇ ಇರಲಿಲ್ಲ. ಕಿಟ್ ಕಾರಿನ ಗೀಳು ಅವನಿಗೆ ಹತ್ತಿಸಿದವನು ನಾನೇ. ನನ್ನ ಗ್ಯಾರೇಜಿನಲ್ಲಿ ನಾಲ್ಕು ವಾರಾಂತ್ಯ ಸಿಮೆಂಟು ನೆಲದ ಮೇಲೆ ಬೆನ್ನು ಹಾಕಿ ಮಲಗಿ ಕೆಲಸ ಕಲಿತ. ಆಮೇಲೆ ತನಗೊಂದು ತರಿಸಿಕೊಂಡ. ಹೊಚ್ಚ ಹೊಸ ಎಂಟು ಸಿಲಿಂಡರಿನ ಎಂಜಿನ್ನು, ಚರ್ಮದ ಸೀಟು, ಕಡು ನೀಲಿ ಬಣ್ಣ. ಬಣ್ಣವನ್ನು ಬೇರೆಯವರ ಕೈಲಿ ಹೊಡೆಸಿದ್ದ, ಆದರೆ ಉಳಿದದ್ದೆಲ್ಲ ಅವನದೇ ಕೈಕೆಲಸ. ಹತ್ತು ತಿಂಗಳಲ್ಲಿ ಮುಗಿಸಿದ. ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಕೆಲಸ ಕೆಟ್ಟದಾಗಿದ್ದರೆ ಸಮಾಧಾನವಾಗುತ್ತಿತ್ತು. ಕೆಟ್ಟದಾಗಿರಲಿಲ್ಲ.

ನಮ್ಮ ಗುಂಪಿನ ಹಿರಿಯ ವಾಲ್ನಟ್ ಕ್ರೀಕಿನ ವಾಲ್ಟರ್. ಎಪ್ಪತ್ತರ ಹತ್ತಿರದ ನಿವೃತ್ತ ಮೆಕ್ಯಾನಿಕ್ಕು. ಅವನು ಹಾಕಿಕೊಟ್ಟ ಒಂದು ನೇಮವಿದೆ. ಬೋಲ್ಟು ಬಿಗಿ ಮಾಡಿದವನು ಅದರ ತಲೆಯ ಮೇಲೆ ಹಳದಿ ಬಣ್ಣದ ಗೆರೆ ಎಳೆಯಬೇಕು. ಆಮೇಲೆ ಇನ್ನೊಬ್ಬ ಬಂದು, ಬೇಕಾದಷ್ಟು ಬಿಗಿಯಾದಾಗ ಟಕ್ ಎನ್ನುವ ಸ್ಪ್ಯಾನರನ್ನು ಅದೇ ಬೋಲ್ಟಿಗೆ ಹಾಕಿ ನೋಡಿ, ಪಕ್ಕದಲ್ಲಿ ಕೆಂಪು ಗೆರೆ ಎಳೆಯಬೇಕು. ಕಟ್ಟಿದವನ ಕಣ್ಣಿಗೆ ಅವನದೇ ತಪ್ಪು ಕಾಣುವುದಿಲ್ಲ ಎಂಬುದು ವಾಲ್ಟರನ ಅನುಭವ. ಎರಡು ಗೆರೆ ಇಲ್ಲದ ಕಾರನ್ನು ಅವನು ಜೊತೆಗೆ ಸೇರಿಸುತ್ತಿರಲಿಲ್ಲ. ನನ್ನ ಕಾರಿನ ಕೆಂಪು ಗೆರೆಗಳೆಲ್ಲ ಶ್ರೀಧರನವು. ಅವನ ಕಾರಿನವು ನನ್ನವು.

ಪ್ರವಾಸಕ್ಕೆ ಮೂರು ವಾರ ಮುಂಚೆ, ಶನಿವಾರ ಮಧ್ಯಾಹ್ನ, ಆ ಕೊನೆಯ ಗೆರೆಗಳನ್ನು ಎಳೆಯಲು ಅವನ ಮನೆಗೆ ಹೋಗಿದ್ದೆ. ಶ್ರೀಧರ ಆಫೀಸಿನ ಫೋನಿನಲ್ಲಿದ್ದ. "ಹಿಂದಿನ ಚಕ್ರದ ಬೋಲ್ಟುಗಳಿಗೆ ಹಳದಿ ಹಾಕಿದೀನಿ ಕಣೋ, ಕಾರು ಕೆಳಗಿಳಿಸಿದೀನಿ, ನೀನು ಒಂದ್ಸಲ ನೋಡ್ಬಿಡು" ಎಂದು ಹೇಳಿ ಒಳಗೆ ಹೋದ. ಕಾರಿನಡಿಗೆ ನುಸುಳಿದೆ. ಕೆಳಗೂ ಎಲ್ಲ ಫಳಫಳ. ಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಬೋಲ್ಟುಗಳಲ್ಲಿ ಬಲಗಡೆಯ ಎರಡನ್ನು ನೋಡಿದೆ, ಇನ್ನೂ ಒಂದಿಷ್ಟು ತಿರುಗಿದವು, ಟಕ್ ಎನ್ನುವ ತನಕ ಬಿಗಿ ಮಾಡಿ ಕೆಂಪು ಎಳೆದೆ. ಎಡಗಡೆಯವಕ್ಕೆ ಸ್ಪ್ಯಾನರು ಹಾಕಲು ಮೈ ಹಿಂಡಿ ಇನ್ನೊಂದು ಮಗ್ಗುಲಿಗೆ ಸರಿಯಬೇಕಿತ್ತು. ಯಾಕೆ ಸರಿಯಬೇಕು ಅನ್ನಿಸಿತು. ದುಡ್ಡು ಅವನದು, ಹೆಸರು ಅವನದು, ಬೆನ್ನು ಸವೆಯುವುದು ನನ್ನದೇ. ಕೈ ಚಾಚಿ ಎರಡಕ್ಕೂ ಕೆಂಪು ಎಳೆದು ಹೊರಗೆ ಬಂದೆ. ಅವನ ಹೆಂಡತಿ ಕೊಟ್ಟ ಕಾಫಿ ಕುಡಿದು, ಕೋಡುಬಳೆ ತಿಂದು ಮನೆಗೆ ಹೋದೆ.

ಸರಟೋಗಾದಿಂದ ನೆತ್ತಿಯವರೆಗಿನ ಏಳು ಮೈಲಿ ಏರಿನಲ್ಲಿ ನನ್ನ ಎಂಜಿನ್ನು ಎರಡನೇ ಗೇರಿನಲ್ಲಿ ತೇಕುತ್ತ ಬಂತು. ಮುಂದೆ ಶ್ರೀಧರ, ಅವನ ಹಿಂದೆ ಇನ್ನಿಬ್ಬರು, ನಾಲ್ಕನೆಯವನು ನಾನು, ಎಲ್ಲರ ಹಿಂದೆ ವಾಲ್ಟರ್. ಮೇಲೆ ಹೋದ ಮೇಲೆ ಮಂಜು ಕೆಳಗಾಯಿತು, ಬಿಸಿಲು ಬಂತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ದೂರದಲ್ಲಿ ಸಮುದ್ರ. ಸೈಕಲ್ ತುಳಿಯುವವರು ಶ್ರೀಧರನ ಕಾರಿಗೆ ಕೈ ಎತ್ತಿ, ನನ್ನದು ಬರುವ ಹೊತ್ತಿಗೆ ಕೈ ಇಳಿಸಿರುತ್ತಿದ್ದರು.

"ಅವರ ಕಾರಲ್ಲಿ ಪೆಟ್ರೋಲು ಸ್ಮೆಲ್ ಬರಲ್ಲ, ಅಪ್ಪ. ಕ್ಯಾನ್ ಐ ರೈಡ್ ವಿತ್ ಶ್ರೀಧರ್ ಅಂಕಲ್?" ಎಂದಳು ನಂದಿನಿ.

"ಆಮೇಲೆ ನೋಡೋಣ" ಎಂದೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ದನಿ ಒರಟಾದದ್ದು ಅವಳಿಗೆ ಕೇಳಿಸಲಿಲ್ಲ.

ಲಾ ಹೋಂಡಾ ರಸ್ತೆ ಸೇರುವ ಕೂಡುದಾರಿಯಲ್ಲಿ ಹೋಟೆಲೊಂದಿದೆ. ಅಲ್ಲಿ ಭಾನುವಾರ ಮೋಟರ್‌ಸೈಕಲ್ಲಿನವರ ಜಾತ್ರೆಯೇ ಸೇರುತ್ತದೆ. ಒಂದೂಕಾಲು ಡಾಲರಿಗೆ ಚೊಂಬಿನಷ್ಟು ದೊಡ್ಡ ಲೋಟದಲ್ಲಿ ಕಾಫಿ ಕೊಡುತ್ತಾರೆ, ನೀರೇ ಜಾಸ್ತಿ. ನಾವು ಚಿತ್ರಾನ್ನ ಬಿಚ್ಚಿದೆವು. ವಾಲ್ಟರ್ ಎರಡು ಸಲ ಹಾಕಿಸಿಕೊಂಡು ತಿಂದ. ಗಡ್ಡದವನೊಬ್ಬ ಕ್ಯಾಮೆರಾ ಹಿಡಿದು ಬಂದು, ನೀಲಿ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ನನ್ನ ಕಡೆ ತಿರುಗಿ, "ಆ ಹಳದಿಯದನ್ನು ಸ್ವಲ್ಪ ಪಕ್ಕಕ್ಕೆ ಸರಿಸುತ್ತೀರಾ? ಫೋಟೋದಲ್ಲಿ ಬರುತ್ತಿದೆ" ಎಂದು ಇಂಗ್ಲಿಷಿನಲ್ಲಿ ವಿನಯವಾಗಿಯೇ ಕೇಳಿದ. ಸರಿಸಿದೆ.

ಬಂದು ಕೂತರೆ ಶ್ರೀಧರ ಎಲ್ಲರ ಮುಂದೆ ನನ್ನ ಭುಜದ ಮೇಲೆ ಕೈ ಹಾಕಿ ನಂದಿನಿಯತ್ತ ತಿರುಗಿದ. "ತಿರುವಲ್ಲಿ ಹೆಂಗ್ ಹಿಡೀತಿದೆ ನೋಡಿದ್ಯಾ? ಎಲ್ಲಾ ನಿಮ್ಮಪ್ಪನ ಕೈಗುಣ. ಕಾರು ಜಾಕ್ ಮೇಲಿದ್ದಾಗ ಹಿಂದಿನ ಬೋಲ್ಟುಗಳನ್ನ ಬರೀ ಕೈಯಲ್ಲಿ ತಿರುಗಿಸಿ ಹಳದಿ ಹಾಕ್ಬಿಟ್ಟಿದ್ದೆ. ಭಾರ ಬಿದ್ದ ಮೇಲೆ ಟೈಟ್ ಮಾಡ್ಬೇಕಲ್ವ, ಅಷ್ಟೊತ್ತಿಗೆ ಫೋನು ಬಂತು. ಇವನೇ ನೋಡಿ ಎಲ್ಲಾ ಟೈಟ್ ಮಾಡಿದಾನೆ" ಎಂದ. ಅದನ್ನೇ ವಾಲ್ಟರನಿಗೂ ಇಂಗ್ಲಿಷಿನಲ್ಲಿ ಹೇಳಿದ. ಹಳದಿಯ ವಿಷಯಕ್ಕೆ ವಾಲ್ಟರ್ ಹುಬ್ಬು ಗಂಟು ಹಾಕಿದ. ಆದರೂ ನನ್ನತ್ತ ನೋಡಿ ತಲೆಯಾಡಿಸಿದ. ವಾಲ್ಟರನಿಂದ ಅಂಥ ಮೆಚ್ಚುಗೆ ನನಗೆ ಅದೇ ಮೊದಲು.

ಬಲಗಡೆಯವು ಯಾಕೆ ತಿರುಗಿದವೆಂದು ಆಗ ತಿಳಿಯಿತು. ಹಳದಿ ಇದೆಯಲ್ಲ, ಬಿಗಿಯಾಗಿಯೇ ಇರುತ್ತದೆ ಎಂದು ಮೂರು ವಾರದಿಂದ ನನ್ನನ್ನು ನಾನು ನಂಬಿಸಿಕೊಂಡು ಬಂದಿದ್ದೆ. ಎಡಗಡೆಯ ಚಕ್ರ ಕೈಯಲ್ಲಿ ತಿರುಗಿಸಿದ ಎರಡು ನಟ್ಟುಗಳ ಮೇಲೆ ನಿಂತು ಇಷ್ಟು ದೂರ ಬಂದಿತ್ತು. ಅಲ್ಲೇ ಹೇಳಬೇಕಿತ್ತು. ಆದರೆ ಹಾಫ್ ಮೂನ್ ಬೇನಲ್ಲಿ ಊಟವಾದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ಇನ್ನು ಇಪ್ಪತ್ತೈದು ಮೈಲಿ, ಏನಾಗುತ್ತದೆ ಎಂದುಕೊಂಡೆ. ಮುಖ ತೊಳೆಯಲು ಹೋಟೆಲಿನ ಹಿಂದೆ ಹೋದೆ.

ವಾಪಸು ಬಂದಾಗ ಎಲ್ಲರೂ ಎಂಜಿನ್ನು ಹಾಕಿದ್ದರು. ನೀಲಿ ಕಾರು ಆಗಲೇ ರಸ್ತೆಗೆ ಇಳಿದಿತ್ತು. ಅದರ ಪಕ್ಕದ ಸೀಟಿನಿಂದ ನಂದಿನಿ ನನಗೆ ಕೈ ಬೀಸಿದಳು.

ಕೂಗಿದೆ. ನಾಲ್ಕು ಕಾರಿನ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ. ನನ್ನ ಕಾರಿಗೆ ಹಾರಿ, ಮುಂದಿದ್ದ ಇಬ್ಬರನ್ನೂ ಹಾದು, ಇಳಿಜಾರಿನಲ್ಲಿ ಬೆನ್ನಟ್ಟಿದೆ. ಅಲ್ಲಿ ರಸ್ತೆ ರೆಡ್‌ವುಡ್ ಮರಗಳ ನಡುವೆ ಸುತ್ತಿ ಸುತ್ತಿ ಇಳಿಯುತ್ತದೆ. ಒಂದು ತಿರುವಿನಲ್ಲಿ ನೀಲಿ ಕಾರು ಕಾಣುತ್ತದೆ, ಇನ್ನೊಂದರಲ್ಲಿ ಮರೆಯಾಗುತ್ತದೆ. ಆ ಕಾಡಿನಲ್ಲಿ ಸೆಲ್ ಫೋನು ಹಿಡಿಯುವುದಿಲ್ಲ. ಹಾರ್ನ್ ಒತ್ತಿದೆ, ಹೆಡ್‌ಲೈಟು ಮಿನುಗಿಸಿದೆ. ಮಿನುಗಿಸಿದ್ದೇ ತಪ್ಪಾಯಿತು. ನಮ್ಮ ಗುಂಪಿನಲ್ಲಿ ಹಿಂದಿನವನು ಲೈಟು ಮಿನುಗಿಸಿದರೆ, ಬಾ ಒಂದು ಕೈ ನೋಡೋಣ ಎಂದು ಅರ್ಥ. ಶ್ರೀಧರ ಕನ್ನಡಿಯಲ್ಲಿ ನನ್ನನ್ನು ನೋಡಿ ಕೈ ಎತ್ತಿದ, ನಂದಿನಿ ಹಿಂದೆ ತಿರುಗಿ ನಕ್ಕಳು, ಕಾರು ಬಾಣದಂತೆ ಹೋಯಿತು. ಅವನದು ಎಂಟು ಸಿಲಿಂಡರು. ಜೀವಮಾನದಲ್ಲಿ ಅವನನ್ನು ಹಿಡಿಯಲು ನನ್ನಿಂದಾಗುತ್ತಿರಲಿಲ್ಲ.

ಇನ್ನೂ ಒಂದು ತಿರುವು ಅಟ್ಟಿಸಿಕೊಂಡು ಹೋದೆ. ನಾನು ಹತ್ತಿರವಾದಷ್ಟೂ ಅವನು ಜೋರು ಮಾಡುತ್ತಿದ್ದ. ಆಗ ವಾಲ್ಟರನ ಇನ್ನೊಂದು ನೇಮ ನೆನಪಾಯಿತು: ಹಿಂದಿನವನು ಕನ್ನಡಿಯಲ್ಲಿ ಕಾಣದಿದ್ದರೆ ಮುಂದಿನವನು ನಿಂತು ಕಾಯಬೇಕು. ಬ್ರೇಕು ಹಾಕಿ ರಸ್ತೆ ಬದಿಯ ಮಣ್ಣಿಗೆ ಇಳಿಸಿ ನಿಂತೆ. ಅವನನ್ನು ನಿಲ್ಲಿಸಲು ನಾನು ಸೋಲುವುದೊಂದೇ ದಾರಿಯಾಗಿತ್ತು. ಮಗಳನ್ನು ಕೂರಿಸಿಕೊಂಡ ಕಾರಿನ ಸದ್ದು ಕೆಳಗೆ ಕೆಳಗೆ ಹೋಗಿ ಕೇಳದಾಯಿತು. ಸ್ಟಿಯರಿಂಗು ಹಿಡಿದು ನೂರರ ತನಕ ಎಣಿಸಿದೆ. ನಡುವೆ ಎರಡು ಸಲ ಲೆಕ್ಕ ತಪ್ಪಿತು. ಹಿಂದಿನವರು ಬಂದು ಏನಾಯಿತೆಂದು ಕೇಳಿದರು. ಬನ್ನಿ ಎಂದು ಕೈ ಮಾಡಿ ನಿಧಾನವಾಗಿ ಹೊರಟೆ, ಅವರು ಹಿಂಬಾಲಿಸಿದರು.

ಲಾ ಹೋಂಡಾ ಇನ್ನೂ ಒಂದು ಮೈಲಿ ಇರುವಾಗ ನೀಲಿ ಕಾರು ರಸ್ತೆ ಬದಿಯಲ್ಲಿ ನಿಂತಿತ್ತು. ನಂದಿನಿ ಬಾಗಿಲಿಗೆ ಒರಗಿ ಚಿತ್ರಾನ್ನದ ಡಬ್ಬಿಯಿಂದ ಕಡಲೆಬೀಜ ಆರಿಸಿ ತಿನ್ನುತ್ತಿದ್ದಳು. ಕಾರು ನಿಲ್ಲಿಸಿ ಇಳಿದೆ.

"ಏನಾಯ್ತೋ? ಬಿಸಿ ಆಯ್ತಾ ಎಂಜಿನ್ನು?" ಎಂದ ಶ್ರೀಧರ.

"ಎಡಗಡೆ ಬೋಲ್ಟು ನಾನು ನೋಡಿರ್ಲಿಲ್ಲ" ಎಂದೆ.

"ಕೆಂಪು ಇದೆಯಲ್ಲೋ."

"ಸುಮ್ನೆ ಎಳೆದೆ. ಸ್ಪ್ಯಾನರು ಹಾಕ್ಲಿಲ್ಲ."

ಬೈಯುತ್ತಾನೆ ಎಂದುಕೊಂಡೆ. ಅವನು ಡಿಕ್ಕಿ ತೆಗೆದು ಸ್ಪ್ಯಾನರು ಹಿಡಿದು, ಹೊಸ ಜೀನ್ಸಿನಲ್ಲೇ ಮಣ್ಣಿನ ಮೇಲೆ ಮಲಗಿ ಎಡಗಡೆಗೆ ಸರಿದ. ನಾನೂ ಬಗ್ಗಿ ನೋಡಿದೆ. ಮೊದಲ ನಟ್ಟು ಸಡಿಲಾಗಿ ಒಂದಿಷ್ಟು ಆಚೆ ಬಂದಿತ್ತು. ಒಂದು ಸುತ್ತು, ಇನ್ನರ್ಧ ಸುತ್ತು ತಿರುಗಿದ ಮೇಲೆ ಟಕ್ ಎಂದಿತು. ಎರಡನೆಯದೂ ಮುಕ್ಕಾಲು ಸುತ್ತು ತಿರುಗಿತು. ಅಷ್ಟರಲ್ಲಿ ವಾಲ್ಟರ್ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ವಿಷಯ ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಒಬ್ಬ ಆಗದ ಕೆಲಸಕ್ಕೆ ಹಳದಿ ಹಾಕಿದ, ಇನ್ನೊಬ್ಬ ನೋಡದ ಕೆಲಸಕ್ಕೆ ಕೆಂಪು ಹಾಕಿದ" ಎಂದು ಇಂಗ್ಲಿಷಿನಲ್ಲಿ ಹೇಳಿ, ಜೇಬಿನಿಂದ ತನ್ನ ಕೆಂಪು ಪೆನ್ನು ತೆಗೆದ. ಸ್ಪ್ಯಾನರು ಹಾಕಿ ತಾನೇ ನೋಡಿ ಗೆರೆ ಎಳೆದ. ಬಲಗಡೆಯವನ್ನೂ ನೋಡಿದ. ಅಲ್ಲಿ ನನ್ನ ಗೆರೆಯ ಮೇಲೆಯೇ ಇನ್ನೊಂದು ಎಳೆದ. ನಾನು ನಿಜವಾಗಿ ನೋಡಿದ್ದ ಬೋಲ್ಟುಗಳು ಅವು. ಹಾಗೆಂದು ಹೇಳುವ ಮುಖ ನನಗಿರಲಿಲ್ಲ.

ಶ್ರೀಧರ ಎದ್ದು ಮಣ್ಣು ಕೊಡವಿಕೊಂಡ. ನಂದಿನಿ ಎರಡು ಕಾರುಗಳ ನಡುವೆ ನಿಂತಿದ್ದಳು, ಯಾವುದಕ್ಕೆ ಹತ್ತಬೇಕೆಂದು ತಿಳಿಯದೆ. ನಿನ್ನ ಕಾರಿನಲ್ಲೇ ಇರಲಿ, ಈಗ ಎಲ್ಲ ಸರಿಯಾಯಿತಲ್ಲ ಎಂದು ನಾನೇ ಹೇಳಲು ಹೊರಟೆ, ದೊಡ್ಡ ಮನಸ್ಸು ತೋರಿಸುವವನ ಹಾಗೆ.

"ಬೇಡ. ನಿನ್ನ ಕಾರಲ್ಲೇ ಕೂರಿಸ್ಕೋ" ಎಂದ ಶ್ರೀಧರ. ದನಿ ಏರಿಸಲಿಲ್ಲ. "ಅದನ್ನ ನಾನು ನೋಡಿದೀನಿ."

ಆಮೇಲಿನದು ಹೇಳುವಂಥದ್ದೇನಲ್ಲ. ಸಮುದ್ರದ ಬಳಿ ಮತ್ತೆ ಮಂಜು, ಗಾಳಿ. ಹಾಫ್ ಮೂನ್ ಬೇನಲ್ಲಿ ಸಸ್ಯಾಹಾರಿಗಳಿಗೆ ಸಿಕ್ಕಿದ್ದು ಆಲೂಗಡ್ಡೆ ಕರಿದದ್ದು ಮತ್ತು ಒಂದು ಸಪ್ಪೆ ಸೂಪು. ಶ್ರೀಧರ ಮೇಜಿನ ಇನ್ನೊಂದು ತುದಿಯಲ್ಲಿ ಕೂತ. ಉಪ್ಪು ಕೇಳಿದಾಗ ಕೊಟ್ಟ. ಮಧ್ಯಾಹ್ನ ಮೂರಕ್ಕೆ ಬೆಟ್ಟದ ಕಣಿವೆ ದಾರಿಯಲ್ಲಿ ವಾಪಸು ಹೊರಟೆವು. ಕುಂಬಳಕಾಯಿ ತೋಟಗಳ ಪಕ್ಕದಲ್ಲಿ ವಾಹನಗಳು ಸಾಲುಗಟ್ಟಿ ತೆವಳುತ್ತಿದ್ದವು. ನೀಲಿ ಕಾರು ನಮ್ಮ ಮುಂದೆಯೇ ಇತ್ತು. ಅದರ ಎಡಗಡೆಯ ಚಕ್ರ ನೋಡುತ್ತಲೇ ಬಂದೆ. ಚೆನ್ನಾಗಿಯೇ ತಿರುಗುತ್ತಿತ್ತು. ಆಗಲೂ ಆ ಕಾರು ನನ್ನದಾಗಿದ್ದರೆ ಅನ್ನಿಸಿತು.

ನಂದಿನಿ ಕೇಳಿದಳು: "ಅಪ್ಪ, ಇಫ್ ಐ ವಾಸಂಟ್ ಇನ್ ದಟ್ ಕಾರ್, ವುಡ್ ಯೂ ಹ್ಯಾವ್ ಟೋಲ್ಡ್ ಹಿಮ್?"

"ಹೇಳ್ತಿದ್ದೆ. ಊಟ ಆದ್ಮೇಲೆ ಹೇಳೋಣ ಅಂತಿದ್ದೆ" ಎಂದೆ.

"ಊಟ ಆದ್ಮೇಲೆ" ಎಂದಳು ಅವಳು, ಕನ್ನಡದಲ್ಲಿ.

ಫ್ರೀವೇ ಸೇರುವಲ್ಲಿ ವಾಲ್ಟರ್ ಮತ್ತು ಉಳಿದಿಬ್ಬರು ಬೇರೆ ದಾರಿ ಹಿಡಿದರು. ದಕ್ಷಿಣಕ್ಕೆ ನಾವಿಬ್ಬರೇ ಬಂದೆವು. ಪಾಲೋ ಆಲ್ಟೋ ಕಡೆಗೆ ಹೊರಳುವ ಮುಂಚೆ ಶ್ರೀಧರ ವೇಗ ತಗ್ಗಿಸಿ, ನಮ್ಮ ಪಕ್ಕಕ್ಕೆ ಬಂದು, ನಂದಿನಿಯ ಕಡೆ ನೋಡಿ ಕೈ ಎತ್ತಿದ. ಅವಳು ಸೀಟಿನಲ್ಲಿ ಹಿಂದೆ ತಿರುಗಿ, ಆ ನೀಲಿ ಕಾರು ಸೇತುವೆಯ ಕೆಳಗೆ ಮರೆಯಾಗುವ ತನಕ ಕೈ ಬೀಸಿದಳು. ನನಗೆ ಹೊಟ್ಟೆ ಉರಿಯಿತು, ಆದರೆ ಈ ಸಲ ಕಾರಿಗಾಗಿ ಅಲ್ಲ.