ಕಂಬಳಿಯೊಳಗಿನ ಕ್ಯಾಮರಾ

ವಳಸಂಗದ ಜಹಾಂಗೀರನಿಗೆ ನಡೆಯುವ ಹುಚ್ಚು. ಫೋಟೋ ತೆಗೆಯುವುದು ಅವನ ಉದ್ಯೋಗ, ಆ ಮಾತು ಬೇರೆ. ಜನ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅರ್ಧ ದಾರಿ ನಡೆದು ಮುಗಿಸುವ ಆಸಾಮಿ ಅವನು. ದರಿಬಡಚಿಯಲ್ಲಿ ಮದುವೆ ಇರಲಿ, ಅಸಂಗಿಯಲ್ಲಿ ಕೂಸಿನ ಮೊದಲ ಕೂದಲು ತೆಗೆಸುವ ಜಾವಳ ಇರಲಿ, ಯಾಶಿಕಾ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಹೊಲದ ಬದು ಹಿಡಿದು ಹೊರಟೇ ಬಿಡುತ್ತಿದ್ದ. ಮದುವೆ ಮನೆಯವರು ದಾರಿ ಕಾಯುತ್ತ ಕೂತರೆ ಇವನು ಕಾಲಿನ ಧೂಳು ಕೊಡವುತ್ತ ಹಿತ್ತಲ ಬಾಗಿಲಿನಿಂದ ಬಂದಿರುತ್ತಿದ್ದ.

ಇಂಥವನಿಗೆ ವರ್ಷಕ್ಕೊಮ್ಮೆ ಒಂದು ಭಾರೀ ನಡಿಗೆ ಸಿಗುತ್ತಿತ್ತು. ಹೋಳಿ ಮುಗಿದು ಯುಗಾದಿ ಬರುವುದರೊಳಗೆ ಸುತ್ತಿನ ಶೈವ ಮನೆತನದವರು ಹೆಗಲ ಮೇಲೆ ಕಂಬಿ, ಅಂದರೆ ದೇವರ ಕಾವಡಿ, ಹೊತ್ತು, ಹಾಡುತ್ತ ಹಾಡುತ್ತ ಶ್ರೀಶೈಲದ ಮಲ್ಲಯ್ಯನ ಕಡೆ ನಡೆಯುತ್ತಾರೆ. ಆ ತಂಡಕ್ಕೆ ಹಿರಿಯ ಶ್ರೀಶೈಲಪ್ಪ. ಊರಲ್ಲಿ ದನದ ಹಿಂಡಿ, ಬೀಜದ ಅಂಗಡಿ. ಬಾಯಿ ಒರಟು, ಎದುರು ಮಾತಾಡಿದವರು ಕಡಿಮೆ. ತೊಂಬತ್ತೆರಡರಲ್ಲಿ ಒಂದು ದಿನ ಅವನೇ ಸ್ಟುಡಿಯೋಕ್ಕೆ ಬಂದು, "ಏ ಜಹಾಂಗೀರ, ಕೃಷ್ಣಾ ಹೊಳಿ ತನಕ ಬಾ. ಹೊಳಿ ದಂಡ್ಯಾಗ ಎಲ್ಲಾರದೂ ಒಂದ ಫೋಟೋ ತಗಿ, ಹೊಳ್ಳಿ ಬಸ್ಸಿಗೆ ಬಾ," ಅಂದಿದ್ದ. ಜಹಾಂಗೀರ ಹೊಳೆಯ ತನಕ ಹೋದ, ಫೋಟೋ ತೆಗೆದ. ಆದರೆ ಬಸ್ಸಿಗೆ ಮಾತ್ರ ಬರಲಿಲ್ಲ. ಹೊಳೆ ದಾಟಿ, ರಾಯಚೂರು ಸೀಮೆ ದಾಟಿ, ಅಡವಿ ದಾಟಿ, ಭೀಮನಕೊಳ್ಳದ ಮೆಟ್ಟಿಲು ಹತ್ತಿ ಶ್ರೀಶೈಲ ಮುಟ್ಟಿಯೇ ನಿಂತ. ಮುಂದಿನ ವರ್ಷ ಕರೆಯುವ ಮೊದಲೇ ಚೀಲ ಕಟ್ಟಿಕೊಂಡು ಕೂತಿದ್ದ.

"ಮಂದಿಗೆ ವರ್ಷಕ್ಕ ಎರಡ ಈದ್ ಸಾಕು. ನಮ್ಮ ಮನಿಯವರಿಗೆ ಮೂರನೇದು ಬೇಕು," ಎಂದು ಅವನ ಹೆಂಡತಿ ರಹಿಮಾ ಓಣಿಯವರ ಮುಂದೆ ಆಡಿಕೊಳ್ಳುತ್ತಿದ್ದಳು. ಆಡಿಕೊಂಡರೂ ಚೀಲಕ್ಕೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಟ್ಟುವುದನ್ನು ಯಾವ ವರ್ಷವೂ ತಪ್ಪಿಸಲಿಲ್ಲ.

ಆದರೆ ಜಹಾಂಗೀರನ ಎದೆಯಲ್ಲಿ ಒಂದು ಮುಳ್ಳಿತ್ತು. ಮಲ್ಲಯ್ಯನ ನಡಿಗೆಯಲ್ಲಿ ಸಾಬನಿಗೇನು ಕೆಲಸ? ಯಾರೂ ಹಾಗೆ ಕೇಳಿದವರಲ್ಲ. ಯಾರಾದರೂ ಕೇಳಿಯಾರು ಎಂದು ಅವನೇ ಉತ್ತರ ಸಿದ್ಧ ಇಟ್ಟುಕೊಂಡಿದ್ದ: "ನಾ ಫೋಟೋದವ್ರಿ." ದಾರಿಯ ಊರುಗಳಲ್ಲಿ ಜನ ನಡೆದು ಬಂದವರನ್ನು ಕಟ್ಟೆಯ ಮೇಲೆ ಕೂಡಿಸಿ, ಬಿಸಿನೀರಿನಲ್ಲಿ ಕಾಲು ತೊಳೆದು, ಎಣ್ಣೆ ತಿಕ್ಕಿ, ಅಂಬಲಿ ಕೊಡುತ್ತಾರೆ. ಸಾಲು ತನ್ನ ತನಕ ಬಂತೋ, ಇವನು ಎದ್ದು ಕ್ಯಾಮರಾ ಕಣ್ಣಿಗೆ ಹಿಡಿಯುತ್ತಿದ್ದ. "ನಾ ಫೋಟೋದವ್ರಿ, ಇವರದು ಮಾಡ್ರಿ." ಹುಣ್ಣಾದ ಕಾಲು ಚಪ್ಪಲಿಯೊಳಗೇ ಉಳಿಯುತ್ತಿತ್ತು. ಕ್ಯಾಮರಾ ಕೊರಳಲ್ಲಿದ್ದರೆ ಅವನಿಗೆ ಆ ತಂಡದಲ್ಲಿ ಜಾಗ ಇತ್ತು. ಇಲ್ಲದಿದ್ದರೆ ಇಲ್ಲ. ಅವನ ಲೆಕ್ಕ ಹಾಗಿತ್ತು.

ರೀಲಿನ ಕಾಲದಲ್ಲಿ ಅವನ ಕಾರಭಾರವೇ ಒಂದು ಸೊಗಸು. ಫಾಲ್ಗುಣದ ಬಿಸಿಲಿಗೆ ರೀಲು ಕೆಡಬಾರದೆಂದು ತಗಡಿನ ಡಬ್ಬಿಯಲ್ಲಿಟ್ಟು ಹಸಿ ಬಟ್ಟೆ ಸುತ್ತುತ್ತಿದ್ದ. ರೀಲು ಒಳಗೆ ಸಿಕ್ಕಿಬಿದ್ದರೆ ಕರಿ ಕಂಬಳಿಯನ್ನು ಎರಡು ಮಡಿಕೆ ಮಾಡಿ, ತಲೆಯ ಮೇಲಿಂದ ಪೂರಾ ಮುಸುಕು ಹಾಕಿಕೊಂಡು, ಒಳಗೆ ಕೈಯ ಅಂದಾಜಿನ ಮೇಲೆ ಕ್ಯಾಮರಾ ಬಿಚ್ಚಿ ಸರಿಮಾಡುತ್ತಿದ್ದ. ಒಂದು ಸೂಜಿಯಷ್ಟು ಬೆಳಕು ಬಿದ್ದರೂ ರೀಲಿನಲ್ಲಿದ್ದ ಎಲ್ಲರ ಮುಖ ಸುಟ್ಟು ಹೋದಂತೆಯೇ. ಅಷ್ಟು ಹೊತ್ತು ಇಡೀ ತಂಡ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ದರಿಬಡಚಿಯ ಸಂಗವ್ವ, ಕುರಿ ಕಾಯುವ ಮನೆತನದ ಮುದುಕಿ, ಬಾಯಿಗೆ ಸೆರಗು ಹಿಡಿದು, "ಗದ್ಲ ಮಾಡಬ್ಯಾಡ್ರೋ, ಸಾಬಣ್ಣ ಕಾವಿಗೆ ಕುಂತಾನ. ತತ್ತಿ ಒಡದಾವು!" ಅನ್ನುತ್ತಿದ್ದಳು.

ಯಾತ್ರೆ ಮುಗಿದ ಮೇಲೆ ಮಿರಜದಲ್ಲಿ ಫೋಟೋ ತೊಳೆಸಿ ತಂದು ಮನೆಮನೆಗೆ ಹಂಚುವುದು ಇನ್ನೊಂದು ಸಣ್ಣ ಯಾತ್ರೆ. ಪ್ರತಿ ವರ್ಷ ಅದೇ ಹೊಳೆ ದಂಡೆ, ಅದೇ ಸಾಲು, ಎರಡು ಹೊಸ ಮುಖ, ಒಂದಷ್ಟು ನರೆತ ಮೀಸೆ. ಆದರೂ ಎಲ್ಲರೂ ಒಂದೊಂದು ಪ್ರತಿ ತೆಗೆದುಕೊಳ್ಳುತ್ತಿದ್ದರು. ಶ್ರೀಶೈಲಪ್ಪನಂತೂ ಎರಡು.

ಹೀಗೆ ನಡೆದಿದ್ದ ಬಾಳಿಗೆ ಎರಡು ಸಾವಿರದ ಐದರಲ್ಲಿ ವಿಜಯಕುಮಾರ ಬಂದ. ಶ್ರೀಶೈಲಪ್ಪನ ಮಗ, ಜತ್ತದಲ್ಲಿ ನೌಕರಿ, ಸ್ವಭಾವ ಒಳ್ಳೆಯದೇ. ಆ ವರ್ಷದ ಯಾತ್ರೆಗೆ ಅವನೊಂದು ಡಿಜಿಟಲ್ ಕ್ಯಾಮರಾ ತಂದ. ಕ್ಲಿಕ್ ಅನ್ನುವುದರೊಳಗೆ ಹಿಂದಿನ ಗಾಜಿನಲ್ಲಿ ಚಿತ್ರ. ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಜಹಾಂಗೀರ ಹೊಳೆ ದಂಡೆಯಲ್ಲಿ ಯಾಶಿಕಾ ಹಿಡಿದು "ಉಸಿರ ಹಿಡೀರಿ" ಎಂದು ಕೂಗಿದಾಗ ಅರ್ಧ ಜನ ವಿಜಯಕುಮಾರನ ಕಡೆಯೇ ನೋಡುತ್ತಿದ್ದರು. ಜಹಾಂಗೀರ ಎರಡನೇ ಸಲ ಕೂಗದೆ, ಮುಖ ಸಣ್ಣದು ಮಾಡಿಕೊಂಡು ಗುಂಡಿ ಒತ್ತಿದ.

ಮರುವರ್ಷ ಸಂಕ್ರಮಣಕ್ಕೆ ಜಹಾಂಗೀರ ಎಳ್ಳು ಕೊಡಲು ಹೋದಾಗ ಶ್ರೀಶೈಲಪ್ಪ ಮುಖ ಗಂಟಿಕ್ಕಿಕೊಂಡೇ ಹೇಳಿದ: "ಈ ವರ್ಷ ನೀನೂ ಡಿಜಿಟಲ್ ತಗೊಂಡಬಿಡೋ ಜಹಾಂಗೀರ. ಇಲ್ಲಂದ್ರ..."

ಅಷ್ಟರಲ್ಲಿ ಹಿಂಡಿ ಒಯ್ಯುವವರು ಬಂದರು. ಮಾತು ಅಲ್ಲೇ ತುಂಡಾಯಿತು. ಇಲ್ಲಂದ್ರ ಏನು? ಜಹಾಂಗೀರ ದಾರಿಯುದ್ದಕ್ಕೂ ತಾನೇ ಮಾತು ಪೂರ್ತಿ ಮಾಡಿಕೊಂಡ. ಇಲ್ಲಂದ್ರ ಬರಬ್ಯಾಡ. ಮತ್ತಿನ್ನೇನು?

"ಹಂಗ ಅಂದ್ರೇನ್ರಿ ಅವರು?" ರಹಿಮಾ ಕೇಳಿದಳು.

"ಅನ್ನೂದೇನೈತಿ? ತಿಳೀತೈತಿ."

"ನಿಮಗ ತಿಳಿದಿದ್ದು ಎಂದಾದ್ರೂ ಖರೇ ಆಗೇತೇನು?" ಎಂದು ಗೊಣಗಿ ಅವಳು ರೊಟ್ಟಿ ಬಡಿಯಲು ಕೂತಳು.

ಜಹಾಂಗೀರ ಬಿಜಾಪುರದ ಕ್ಯಾಮರಾ ಅಂಗಡಿಗೆ ಹೋದ. ಕೌಂಟರಿನ ಹುಡುಗ ಎಲೆಯಷ್ಟು ತೆಳ್ಳನೆಯ ಕ್ಯಾಮರಾ ಮುಂದಿಟ್ಟು ಮೆಗಾಪಿಕ್ಸೆಲ್, ಝೂಮ್ ಎಂದು ಪುರಾಣ ಶುರುಮಾಡಿದ. ಜಹಾಂಗೀರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಣ್ಣ ಹಚ್ಚೂ ತೂತ ಎಲ್ಲೈತಿ?" ಅಂದ. ತೂತಿಲ್ಲ, ಗಾಜಿನಲ್ಲಿ ನೋಡಬೇಕು ಅಂದ ಹುಡುಗ. ಇವನು ಕ್ಯಾಮರಾ ಹಿಡಿದು ಸೀದಾ ರಸ್ತೆಗೆ ಇಳಿದ. ಹುಡುಗ ಹೌಹಾರಿ ಬೆನ್ನು ಹತ್ತಿದ. ಬಿಸಿಲಲ್ಲಿ ಗಾಜು ಕಪ್ಪು ಹಂಚಿನ ಹಾಗೆ, ಅದರೊಳಗೆ ಜಹಾಂಗೀರನ ಮೂಗು ಬಿಟ್ಟು ಬೇರೇನೂ ಕಾಣಲಿಲ್ಲ. "ನಾ ಬಿಸಿಲಾಗ ನಡಿಯಾಂವ. ಇದು ನೆರಳಿನ ಮಂದಿದು," ಎಂದು ಹೊಳ್ಳಿ ಕೊಟ್ಟ. ಅದಕ್ಕೆ ದಿನಾ ಚಾರ್ಜ್ ಬೇರೆ ಆಗಬೇಕಂತೆ. ಯಾತ್ರೆಯವರು ಮಲಗುವುದು ಗುಡಿಯ ಕಟ್ಟೆ, ಶಾಲೆಯ ಪಡಸಾಲೆಯಲ್ಲಿ. ಪ್ಲಗ್ ಎಲ್ಲಿಂದ ತರುವುದು? ಮನೆಯಲ್ಲಿದ್ದಾಗಲೇ ಅರ್ಧ ದಿನ ಕರೆಂಟು ಇರುವುದಿಲ್ಲ.

ಕೊನೆಗೆ ಒಂದು ದಪ್ಪನೆಯದು ಒಪ್ಪಿಗೆಯಾಯಿತು. ಕಣ್ಣು ಹಚ್ಚಲು ತೂತಿದೆ, ಮುಷ್ಟಿಗೆ ಹಿಡಿತವಿದೆ, ಹಾಕುವುದು ಪೆನ್ಸಿಲ್ ಸೆಲ್ಲು, ಎಲ್ಲ ಊರಲ್ಲೂ ಸಿಗುತ್ತದೆ. ಚಾರ್ಜ್ ಮಾಡುವ ಸೆಲ್ಲು ಒಯ್ಯಿರಿ ಎಂದು ಹುಡುಗ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಲ್ಲು ಹಾಕುವ ಬಾಗಿಲ ಒಳಗೇ, ಅದರ ಪಕ್ಕಕ್ಕೆ, ಉಗುರಿನಷ್ಟು ಒಂದು ಕಾರ್ಡು. "ಇದೇನು? ರೀಲೇನು?" ಎಂದು ಕೇಳಿದ. ಅಷ್ಟರಲ್ಲಿ ಬೇರೆ ಗಿರಾಕಿ ಬಂದಿದ್ದರು. "ಹೌದ್ರಿ, ರೀಲ್ ಅಂತ ತಿಳ್ಕೋರಿ," ಅಂದ ಹುಡುಗ. ಜಹಾಂಗೀರ ರೀಲ್ ಅಂತಲೇ ತಿಳಿದುಕೊಂಡ. ಎಲ್ಲ ಅನಾಹುತದ ಬೇರು ಅದೇ ನೋಡಿ.

ಯಾತ್ರೆ ಹೊರಟಿತು. ಮೊದಲ ದಿನ ಜಹಾಂಗೀರನ ಮುಖದಲ್ಲಿ ಮದುಮಗನ ಕಳೆ. ಸಂಗವ್ವನ ಚಿತ್ರ ತೆಗೆದು ಗಾಜು ತೋರಿಸಿದ. ಅವಳು ಕಣ್ಣು ಕಿರಿದು ಮಾಡಿ, "ಅಯ್ಯ ನಮ್ಮವ್ವ, ಇಷ್ಟ ಸಣ್ಣಾಕಿ ಆದ್ನೇನ? ಹುಣಸಿ ಬೀಜ ಇದ್ದಂಗ ಅದೀನಿ," ಎಂದು ನಕ್ಕಳು. ಆದರೆ ಪೆನ್ಸಿಲ್ ಸೆಲ್ಲುಗಳು ಒಂದಷ್ಟು ಫೋಟೋಕ್ಕೇ ಕೈಕೊಟ್ಟವು. ರೇಡಿಯೋದ ಸೆಲ್ಲು ಒಣಗಿಸುವ ಹಾಗೆ ಬಂಡೆಗಲ್ಲಿನ ಮೇಲೆ ಬಿಸಿಲಿಗಿಟ್ಟ. ಒಂದೆರಡು ಫೋಟೋಕ್ಕೆ ಜೀವ ಬಂದು ಮತ್ತೆ ಹೋಯಿತು. ಹೊಸ ಸೆಲ್ಲು ಹಾಕಬೇಕು. ಹಾಕಬೇಕೆಂದರೆ ಬಾಗಿಲು ತೆರೆಯಬೇಕು. ತೆರೆದರೆ ರೀಲಿಗೆ ಬೆಳಕು ಬೀಳುತ್ತದೆ!

ಕಂಬಳಿ ಹೊರಗೆ ಬಂತು.

ರಣರಣ ಬಿಸಿಲಲ್ಲಿ, ಹೋಳಿಯ ಬೆಂಕಿ ಇನ್ನೂ ಆರಿಲ್ಲವೇನೋ ಎನ್ನುವಂಥ ಸೆಕೆಯಲ್ಲಿ, ಈ ಮನುಷ್ಯ ಕರಿ ಕಂಬಳಿ ಮುಸುಕು ಹಾಕಿ ಸೆಲ್ಲು ಬದಲಿಸತೊಡಗಿದ. ಬೆವರಿನಲ್ಲಿ ಮಿಂದು ಹೊರಬರುವನು. ಹಳೆಯ ರೂಢಿ, ತಂಡದವರಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಅವರೂ ಸುಮ್ಮನಾಗಿ ಕಾದರು. ಹೇಳಬೇಕಾಗಿದ್ದ ವಿಜಯಕುಮಾರ ಕಂಬಿಯವರ ಜೊತೆ ಮುಂದೆ ಮುಂದೆ ನಡೆಯುತ್ತಿದ್ದ.

ಕೃಷ್ಣೆ ದಾಟಿದ ಮೇಲೆ ಲಿಂಗಸೂರಿನ ಕಡೆ ಒಂದು ಬೇವಿನ ಮರದ ಕೆಳಗೆ ಕತೆ ಮುಗಿಯಿತು. ಕಂಬಳಿಯೊಳಗೆ ಸೆಲ್ಲು ತೆಗೆಯುವಾಗ ಬೆವರುಗೈ ತಾಗಿ ಕಾರ್ಡು ಟಪ್ಪನೆ ಹೊರಜಿಗಿಯಿತು. ಕತ್ತಲಲ್ಲಿ ಹುಡುಕಿ ಹಿಡಿದ. ಕೈಯ ಅಂದಾಜಿನ ಮೇಲೆ ಒಳಗೆ ನೂಕಿದ. ಹೋಗಲಿಲ್ಲ. ಹೆಬ್ಬೆರಳು ಹಚ್ಚಿ ಜೋರಾಗಿ ಅದುಮಿದ. ಕಟ್ ಎಂದಿತು. ಹೊರಗೆ ಬಂದು ಗುಂಡಿ ಒತ್ತಿದರೆ ಗಾಜಿನಲ್ಲಿ ಎರಡು ಇಂಗ್ಲಿಷ್ ಅಕ್ಷರಸಾಲು, ಅಷ್ಟೇ.

ವಿಜಯಕುಮಾರನನ್ನು ಕರೆಸಿದರು. ಅವನು ಕಾರ್ಡು ತೆಗೆದು ಉಜ್ಜಿ ತನ್ನ ಕ್ಯಾಮರಾಕ್ಕೆ ಹಾಕಿ ನೋಡಿದ. "ಫೋಟೋ ಎಲ್ಲಾ ಸುರಕ್ಷಿತ ಅದಾವು ಕಾಕಾ. ಉಲ್ಟಾ ಹಾಕಿ ಒತ್ತೀರಿ, ಒಳಗಿನ ತಂತಿ ಮುರದಾವು. ಇದಕ್ಕ ಕಂಬಳಿ ಯಾಕ ಬೇಕಿತ್ತು?"

"ಬೆಳಕ ಬಿದ್ರ ಕೆಡೂದಿಲ್ಲೇನು?"

"ಇಲ್ಲ ಕಾಕಾ. ಬಿಸಿಲಾಗ ಹಪ್ಪಳದಂಗ ಒಣಗ್ಸಿದ್ರೂ ಏನೂ ಆಗೂದಿಲ್ಲ."

ಇಡೀ ತಂಡ ಹೊಟ್ಟೆ ಹಿಡಿದು ನಕ್ಕಿತು. ಸಂಗವ್ವನಿಗೆ ಕಣ್ಣಲ್ಲಿ ನೀರು ಬಂತು. "ತತ್ತೀನ ಇರಲಿಲ್ಲೋ ಯಪ್ಪಾ, ಸುಮ್ನ ಕಾವಿಗೆ ಕುಂತಿದ್ದಿ!" ಜಹಾಂಗೀರನೂ ನಕ್ಕ. ನಗುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಆದರೆ ಒಳಗೆ ಅವನಿಗೆ ಅಳು ಬಂದಿತ್ತು. ಕ್ಯಾಮರಾ ಹೋಯಿತು, ಅಲ್ಲಿಗೆ ತನ್ನ ಜಾಗವೂ ಹೋಯಿತು.

ಮರುದಿನ ಮುಂಜಾನೆ ಎಲ್ಲರೂ ಕಂಬಿ ಎತ್ತುವ ಹೊತ್ತಿಗೆ ಅವನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ತಿರುಗಿದ.

"ಎಲ್ಲಿಗೆ ಹೊಂಟಿ?" ಶ್ರೀಶೈಲಪ್ಪ ಕೂಗಿದ.

"ಊರಿಗಿ. ಫೋಟೋ ವಿಜಯಕುಮಾರ ತಗೀತಾನಲ್ರಿ. ನಾ ಬಂದ ಏನ್ ಮಾಡ್ಲಿ?"

"ನಡಿಯೂದು ಮಾಡು! ನಿನ್ನ ಕಾಲ ಮುರದಾವೇನ?"

"ನೀವ ಹೇಳಿದ್ರಲ್ಲ ಸಂಕ್ರಮಣದಾಗ. ಡಿಜಿಟಲ್ ತಗೋ, ಇಲ್ಲಂದ್ರ ಅಂತ."

"ಇಲ್ಲಂದ್ರ ಏನಂದೆ?"

"ಬರಬ್ಯಾಡ ಅಂತಲ್ರಿ," ಅಂದ ಜಹಾಂಗೀರ. ಶ್ರೀಶೈಲಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಖೋಡಿ! ಇಲ್ಲಂದ್ರ ನೀ ಬರೂದ ಬಿಡ್ತಿ ಅಂತ ಹೇಳಾಂವ ಇದ್ದೆ. ನನ್ನ ಮಗ ಆ ಡಬ್ಬಿ ತಂದ ದಿನಾನ ನಿನ್ನ ಮಾರಿ ನೋಡಿದ್ದೆ. ತನಗ ಕೆಲಸ ಇಲ್ಲಂತ ಈ ಮನುಷ್ಯ ಮನ್ಯಾಗ ಕುಂದರತಾನ ಅಂತ ಅನಿಸಿತ್ತು. ಅದಕ್ಕ ತಗೋ ಅಂದೆ."

ಸಂಗವ್ವ ಸುಮ್ಮನಿರುವ ಪೈಕಿ ಅಲ್ಲ. "ಸಾಬಣ್ಣ, ನಮ್ಮ ಮನ್ಯಾಗ ಟ್ರಂಕ್ ತುಂಬಾ ಅದೇ ಹೊಳಿ, ಅದೇ ಮಾರಿ. ನನ್ನ ಮಾರಿ ವರ್ಷಾ ನೋಡಾಕ ನನಗೇನ ಹುಚ್ಚ ಹಿಡದೈತೇನು? ಫೋಟೋ ಬ್ಯಾಡಂದ್ರ ನೀ ಬರೂದಿಲ್ಲಂತ ಎಲ್ಲಾರೂ ತಗೋತಿದ್ವಿ. ಈ ಶ್ರೀಶೈಲಪ್ಪ ಎರಡೆರಡು!"

ಇಷ್ಟು ವರ್ಷ ಜಹಾಂಗೀರ ಫೋಟೋದ ನೆವ ಮಾಡಿಕೊಂಡು ಇವರ ಜೊತೆ ನಡೆದಿದ್ದ. ಇವರು ಅದೇ ನೆವ ಹಿಡಿದು ಅವನನ್ನು ಕರೆದುಕೊಂಡು ನಡೆದಿದ್ದರು. ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ಅಳಬ್ಯಾಡ, ಲಗೂನ ನಡಿ, ಬಿಸಿಲ ಏರ್ತದ," ಎಂದು ಸಂಗವ್ವ ತನ್ನ ಗಂಟು ಅವನ ಕೈಗೆ ಕೊಟ್ಟಳು. "ಕೈ ಖಾಲಿ ಅದಾವಲ್ಲ, ಇದನ್ನ ಹಿಡಿ."

ಕ್ಯಾಮರಾ ಚೀಲದ ತಳಕ್ಕೆ ಹೋಯಿತು. ಕಂಬಳಿಯನ್ನು ಸಂಗವ್ವ ಬಿಸಿಲಿಗೆ ತಲೆಯ ಮೇಲೆ ಹಾಕಿಕೊಂಡಳು. ಆ ದಿನ ಹೊತ್ತು ಇಳಿಯುವಾಗ ಒಂದು ಊರು ಬಂತು. ಜನ ಎಲ್ಲರನ್ನೂ ಕಟ್ಟೆಯ ಮೇಲೆ ಸಾಲಾಗಿ ಕೂಡಿಸಿದರು. ಬಿಸಿನೀರಿನ ಕೊಡ, ಎಣ್ಣೆಯ ಬಟ್ಟಲು ಹಿಡಿದು ಒಬ್ಬ ಮಧ್ಯವಯಸ್ಸಿನ ಗೌಡ ಸಾಲು ಹಿಡಿದು ಬಂದ. ಜಹಾಂಗೀರನ ಮುಂದೆ ಕೂತು ಮುಖ ನೋಡಿ ಕೈ ತಡೆದ.

"ನೀವು ವರ್ಷಾ ಬರೋ ಫೋಟೋದವರಲ್ಲೇನ್ರಿ?"

"ಅಲ್ರಿ," ಅಂದ ಜಹಾಂಗೀರ. "ಇವರ ಜೋಡಿ ಬಂದೀನಿ."

ಚಪ್ಪಲಿ ಬಿಚ್ಚಿ ಕಾಲು ಮುಂದೆ ಚಾಚಿದ.