ಹುಷಾರಪ್ಪ ಹೊರದೇಶಕ್ಕೆ ಹೋಗಿ ಬಂದದ್ದು

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಇತ್ತು. ಉಳಿದಂತೆ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರ ಬಾಯಲ್ಲೂ ಅವನು ಹುಷಾರಪ್ಪ. ಮ್ಯಾನೇಜರ್ ಮಾತ್ರ ದೊಡ್ಡ ಮನುಷ್ಯ, ಹಾಗಾಗಿ ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಿದ್ದ.

ಕಾರ್ಖಾನೆಯ ಪಂಪುಗಳು ಒಳ್ಳೆಯ ದೇಶಗಳಿಗಿಂತ ಕೆಟ್ಟ ದೇಶಗಳಿಗೇ ಹೆಚ್ಚು ಹೋಗುತ್ತಿದ್ದವು. ಗುಂಡು ಹಾರುವಲ್ಲಿ, ಜ್ವರ ಹರಡುವಲ್ಲಿ, ಸರ್ಕಾರ ಯಾವುದೆಂದು ಅಲ್ಲಿನವರಿಗೇ ಗೊತ್ತಿಲ್ಲದಲ್ಲಿ ನೀರಿಗೆ ಬೇಡಿಕೆ ಜಾಸ್ತಿ. ಪಂಪು ಕೂರಿಸಲು ಹೊರಡುವ ಫಿಟ್ಟರುಗಳೆಲ್ಲ ಮೊದಲು ಪೇಂಟ್ ಶೆಡ್ಡಿನ ಮೇಲಿನ ಕೋಣೆಯಲ್ಲಿ, ಥಿನ್ನರ್ ವಾಸನೆ ಕುಡಿಯುತ್ತ, ಅರ್ಧ ದಿನ ಹುಷಾರಪ್ಪನ ಕ್ಲಾಸಿಗೆ ಕೂರಬೇಕಿತ್ತು. ದಿನಾ ಒಂದೇ ದಾರಿಯಲ್ಲಿ ಓಡಾಡಬೇಡಿ. ಗುಂಪು ಸೇರಿದ ಕಡೆ ಏನಾಯಿತೆಂದು ಇಣುಕಬೇಡಿ. ಸೈನಿಕರ ಫೋಟೋ ತೆಗೆಯಬೇಡಿ. ನಲ್ಲಿ ನೀರು ಬಾಯಿಗೆ ತಾಗಿಸಬೇಡಿ, ಪಾನಕದಲ್ಲಿ ಐಸ್ ಕಂಡರೆ ಅದನ್ನು ಹಾವೆಂದು ತಿಳಿಯಿರಿ. ಹೀಗೆ ಶುರುವಾದರೆ ಮುಗಿಯುವ ಹೊತ್ತಿಗೆ ಫಿಟ್ಟರುಗಳಿಗೆ ಅಲ್ಲಿಗೆ ಹೋಗಿ ಸಾಯುವುದಕ್ಕಿಂತ ಇಲ್ಲೇ ಆ ಕುರ್ಚಿಯಲ್ಲಿ ಪ್ರಾಣ ಬಿಡುವುದೇ ಸುಲಭ ಅನ್ನಿಸುತ್ತಿತ್ತು.

ಇಷ್ಟೆಲ್ಲ ಹೇಳುವವನು ಒಂದು ದಿನಕ್ಕೂ ಗಡಿ ದಾಟಿದವನಲ್ಲ. ಅವನು ಮೊದಲು ಎರಕದ ವಿಭಾಗದಲ್ಲಿದ್ದ. ವಯಸ್ಸಿನಲ್ಲಿದ್ದಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ನಿಂತು ಮಾಡುವ ಕೆಲಸ ಆಗದು ಎಂದಾಯಿತು. ಆಗಿನ ಮ್ಯಾನೇಜರ್ ಅವನನ್ನು ಸುರಕ್ಷತಾ ವಿಭಾಗಕ್ಕೆ ಹಾಕಿದ. ಬಿದ್ದವನಿಗಲ್ಲದೆ ಬೀಳದಿರುವುದು ಹೇಗೆಂದು ಇನ್ನಾರಿಗೆ ಗೊತ್ತಿರುತ್ತದೆ ಎಂಬುದು ಆ ಮಹಾನುಭಾವನ ಲೆಕ್ಕಾಚಾರ. ಅಂದಿನಿಂದ ಹುಷಾರಪ್ಪ ಸಿಕ್ಕಿದ್ದೆಲ್ಲ ಓದಿದ, ಟಿವಿಯಲ್ಲಿ ಗಲಭೆ ಕಂಡರೆ ಊಟ ಬಿಟ್ಟು ಕೂತ, ಮನೆಯಲ್ಲಿ ಗ್ಯಾಸ್ ಆರಿಸಿದೆಯೇ ಎಂದು ಹೆಂಡತಿಯ ತಲೆ ತಿಂದ.

ಹೀಗಿರುವಾಗ ಅಂಥದ್ದೇ ಒಂದು ದೇಶದಿಂದ ದೊಡ್ಡ ಗುತ್ತಿಗೆ ಬಂತು. ಆ ದೇಶದ ಅರ್ಧ ಭಾಗದಲ್ಲಿ ಕಾಳಗ, ಇನ್ನರ್ಧದಲ್ಲಿ ಮಲೇರಿಯಾ. ವಿಮೆಯವರು ಹಟ ಹಿಡಿದರು: ಸುರಕ್ಷತೆ ನೋಡಿಕೊಳ್ಳುವವನು ಸ್ವತಃ ಹೋಗಿ ಜಾಗ ನೋಡಿ ಬಂದರೆ ಮಾತ್ರ ವಿಮೆ. ಮ್ಯಾನೇಜರ್ ಸುದ್ದಿ ತಿಳಿಸಿದಾಗ ಹುಷಾರಪ್ಪನ ಮುಖ ಸುಣ್ಣ ಬಳಿದಂತಾಯಿತು. ಮುರಿದ ಕಾಲನ್ನು ನೆನಪಿಸಿದ. ಮ್ಯಾನೇಜರ್ ವಿಮಾನದಲ್ಲಿ ಕುಳಿತೇ ಹೋಗುವುದು ಎಂದ.

ಮನೆಯಲ್ಲಾದರೂ ಕನಿಕರ ಸಿಕ್ಕೀತೆಂದು ಬಂದರೆ ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಇಡೀ ಬೀದಿಯ ಸೊಂಟದ ಅಳತೆ ಬಲ್ಲವಳು, ಹಾಗಾಗಿ ಯಾರಿಗೂ ಹೆದರುವವಳಲ್ಲ.

“ಇಷ್ಟು ವರ್ಷ ಊರೋರ್ನೆಲ್ಲ ಹೆದರಿಸಿ ಕಳಿಸಿದ್ರಿ. ಒಂದ್ಸಲ ನೀವೂ ಹೆದರ್ಕೊಂಡು ಹೋಗ್ಬನ್ನಿ,” ಅಂದಳು.

ತಯಾರಿ ಜೋರಾಗಿ ನಡೆಯಿತು. ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಬಂದ. ಸೊಳ್ಳೆ ಪರದೆ ಕೊಂಡು ಹಾಲಿನಲ್ಲಿ ಕಟ್ಟಿ, ಅದರೊಳಗೆ ಮಲಗಿ ಅಭ್ಯಾಸ ಮಾಡಿದ. ನಮ್ಮ ರಾಯಭಾರ ಕಚೇರಿಗೆ ತನ್ನ ವಿಳಾಸ, ರಕ್ತದ ಗುಂಪು, ಕೊನೆಗೆ ಹಲ್ಲು ಕಟ್ಟಿಸಿಕೊಂಡದ್ದನ್ನೂ ತಿಳಿಸಿದ. ಮಲೇರಿಯಾ ತಡೆಯುವ ಮಾತ್ರೆ ತಂದ. ಅದನ್ನು ಹೋಗುವ ಮುಂಚೆ ಶುರು ಮಾಡಬೇಕು, ವಾಪಸ್ ಬಂದ ಮೇಲೂ ವಾರಗಟ್ಟಲೆ ನುಂಗಬೇಕು ಎಂದು ಹೆಂಡತಿಗೆ ಪಾಠ ಒಪ್ಪಿಸಿದ.

ಕೊನೆಗೆ ಗುಟ್ಟಿನ ಮಾತೊಂದನ್ನು ಗೊತ್ತು ಮಾಡಿದ. ಯಾರಾದರೂ ತನ್ನನ್ನು ಹಿಡಿದಿಟ್ಟುಕೊಂಡರೆ ಫೋನಿನಲ್ಲಿ “ನಲ್ಲೀಲಿ ನೀರು ಬಂತಾ?” ಎಂದು ಕೇಳುತ್ತೇನೆ, ಆ ಕ್ಷಣವೇ ಕಂಪನಿಗೆ ತಿಳಿಸು ಎಂದ.

“ಅದು ನೀವು ದಿನಾ ಕೇಳೋ ಮಾತೇ ಅಲ್ವೇನ್ರೀ?”

“ಅದಕ್ಕೇ ಕಣೇ. ಯಾರಿಗೂ ಅನುಮಾನ ಬರಲ್ಲ.”

ಹೋಗಿ ಇಳಿದ. ಅವನ ಕಣ್ಣಿಗೆ ಆ ಊರು ಊರಿನ ಹಾಗೇ ಇತ್ತು: ಬಟ್ಟೆ ಒಣಹಾಕಿದ ಬಾಲ್ಕನಿಗಳು, ತರಕಾರಿ ಗಾಡಿ, ಶಾಲೆಗೆ ತಡವಾದ ಮಕ್ಕಳು. ನಡುನಡುವೆ ಮರಳಿನ ಮೂಟೆ, ಅದರ ಹಿಂದೆ ಆಕಳಿಸುವ ಸೈನಿಕ. ಹುಷಾರಪ್ಪನಿಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೂ ನಿಯಮ ಬಿಡಲಿಲ್ಲ. ದಿನಾ ಬೇರೆ ದಾರಿಯಲ್ಲಿ ಹೋಗೋಣವೆಂದು ಡ್ರೈವರನನ್ನು ಗೋಳುಹೊಯ್ದುಕೊಂಡ. ಕೆಲಸದ ಜಾಗಕ್ಕೆ ಇದ್ದದ್ದು ಒಂದೇ ದಾರಿ. ಡ್ರೈವರ್ ಅವನ ಸಮಾಧಾನಕ್ಕೆ ಪೆಟ್ರೋಲ್ ಬಂಕಿಗೆ ಒಂದು ಸುತ್ತು ಹಾಕಿ ಮತ್ತೆ ಅದೇ ದಾರಿ ಹಿಡಿಯುತ್ತಿದ್ದ. ಜಾಗದ ಅಳತೆಗೆಂದು ಜೊತೆಗೆ ಬಂದಿದ್ದ ದೊಡ್ಡ ಫಿಟ್ಟರ್, ಅವನ ಕ್ಲಾಸಿನಲ್ಲಿ ಗೊರಕೆ ಹೊಡೆದ ಹಳೇ ಶಿಷ್ಯ, ಎಲ್ಲ ನೋಡಿಯೂ ನಗು ತಡೆದುಕೊಂಡಿದ್ದ.

ದಿನಾ ಸಂಜೆ ಮನೆಗೆ ಫೋನು. ಒಂದು ಸಂಜೆ ಚೆನ್ನಾಗಿ ಮಾತು ನಡೆದಿತ್ತು. ಗೆಸ್ಟ್ ಹೌಸಿನ ದಿಂಬು ಕಲ್ಲಿನಂತಿದೆ, ಅಡುಗೆಯವನಿಗೆ ಉಪ್ಪೆಂದರೆ ಆಗದು ಎಂದೆಲ್ಲ ಹೇಳಿ, ಫೋನಿಡುವ ಮುಂಚೆ ಇಷ್ಟು ವರ್ಷದ ಅಭ್ಯಾಸದಂತೆ ಕೇಳಿಬಿಟ್ಟ: “ಮತ್ತೆ, ನಲ್ಲೀಲಿ ನೀರು ಬಂತಾ?”

ಅವಳ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಅಭ್ಯಾಸಬಲವೋ, ನಿಜವೋ? ಪರೀಕ್ಷಿಸಲು ನಿಧಾನವಾಗಿ, “ಏನಂದ್ರಿ? ನೀರಾ?” ಎಂದಳು.

“ಹೂಂ ಕಣೇ, ನೀರೇ. ಬಂತೋ ಇಲ್ವೋ?” ಎಂದು ಅವನು ರೇಗಿದ. ಆ ರೇಗಿದ್ದು ಅವಳಿಗೆ ಒದ್ದಾಟದ ಹಾಗೆ ಕೇಳಿಸಿತು. ಬಂತು ಎಂದು ಹೇಳಿ ಫೋನಿಟ್ಟವಳು ಮ್ಯಾನೇಜರಿಗೆ ಫೋನು ಹಚ್ಚಿದಳು. ಮ್ಯಾನೇಜರ್ ರಾಯಭಾರ ಕಚೇರಿಗೆ, ಅವರು ಅಲ್ಲಿಯ ಪೊಲೀಸರಿಗೆ. ಬೀದಿ ದೀಪ ಹೊತ್ತಿಕೊಳ್ಳುವಷ್ಟರಲ್ಲಿ ಗೆಸ್ಟ್ ಹೌಸಿನ ಮುಂದೆ ಬಂದೂಕು ಹಿಡಿದವರು ಜೀಪಿನಿಂದ ಇಳಿದರು.

ಹುಷಾರಪ್ಪ ಕಿಟಕಿ ಪರದೆಯ ಸಂದಿಯಲ್ಲಿ ಅವರನ್ನು ನೋಡಿದ. ತನ್ನ ಜೀವಮಾನದ ಪಾಠ ಪ್ರಯೋಗಕ್ಕೆ ಬಂತೆಂದು ತಿಳಿದ. ಬಾಗಿಲಿಗೆ ಚಿಲಕ, ದೀಪ ಬಂದ್, ಫೋನಿನ ಸದ್ದು ಬಂದ್. ಕಿಟಕಿಯಿಂದ ದೂರ, ಗೋಡೆಯ ಮರೆಯಲ್ಲಿ, ನೆಲಕ್ಕೆ ಅಂಟಿಕೊಂಡು. ಆ ಕೋಣೆಯಲ್ಲಿ ಅಂಥ ಜಾಗವೆಂದರೆ ಬಚ್ಚಲು ಮಾತ್ರ. ಹೋಗಿ ಒದ್ದೆ ನೆಲದ ಮೇಲೆ ಬೋರಲು ಮಲಗಿದ. ಹೊರಗೆ ಫೋನು ಮಾಡಿದವರಿಗೆಲ್ಲ ಉತ್ತರವಿಲ್ಲ. ಇವನನ್ನು ಹಿಡಿದಿಟ್ಟಿದ್ದಾರೆಂಬುದು ಪೊಲೀಸರಿಗೆ ಖಾತ್ರಿಯಾಯಿತು. ಕೆಳಗಿನ ಮಹಡಿಯಲ್ಲಿ ಅಡುಗೆಯವನು ಸೌಟು ಹಿಡಿದೇ ಕೈ ಮೇಲೆತ್ತಿ ನಿಂತಿದ್ದ.

ಕೊನೆಗೆ ದೊಡ್ಡ ಫಿಟ್ಟರನೇ ಪೊಲೀಸರನ್ನು ಒಪ್ಪಿಸಿ ಮೇಲೆ ಬಂದು ಬಾಗಿಲು ತಟ್ಟಿದ.

“ಸಾರ್, ಒಳಗೆ ಯಾರಿದ್ದಾರೆ?”

“ನಾನೊಬ್ಬನೇ,” ಎಂದು ಬಚ್ಚಲಿನಿಂದ ಕ್ಷೀಣವಾದ ದನಿ ಬಂತು. “ಹೊರಗೆ ಅವರಿದ್ದಾರೆ.”

“ಅವರು ನಿಮ್ಮನ್ನ ಬಿಡಿಸ್ಕೊಳ್ಳೋಕೆ ಬಂದಿರೋದು ಸಾರ್.”

“ಯಾರಿಂದ?”

ಹುಷಾರಪ್ಪ ಎದೆ, ಹೊಟ್ಟೆಯೆಲ್ಲ ತೊಯ್ದು ಹೊರಗೆ ಬಂದಾಗ ಪೊಲೀಸರ ಮುಖ್ಯಸ್ಥ ಅವನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿ ಎಳೆದು ಕೂತು ನೀರು ಕೇಳಿದ. ಹುಷಾರಪ್ಪ ಅಂಥ ಹೊತ್ತಿನಲ್ಲೂ ಅವನಿಗೆ ಕುದಿಸಿ ಆರಿಸಿದ ನೀರನ್ನೇ ಕೊಟ್ಟ.

ಊರಿಗೆ ಅವನಿಗಿಂತ ಮೊದಲೇ ಕಥೆ ಬಂದು ಸೇರಿತ್ತು. ಕಾರ್ಖಾನೆಯಲ್ಲಿ ಯಾರನ್ನು ಕಂಡರೂ ನಲ್ಲಿಯ ವಿಚಾರ ಕೇಳುವವರೇ. ಹುಷಾರಪ್ಪ ಕೆಲವು ದಿನ ಕುಗ್ಗಿದ, ಆಮೇಲೆ ಹೇಗೋ ಉಬ್ಬಿದ. ಏನೇ ಆಗಲಿ, ಅಂಥ ದೇಶಕ್ಕೆ ಹೋಗಿ ಕೂದಲೂ ಕೊಂಕದೆ ಬಂದವನಲ್ಲವೇ? ಹೊಟ್ಟೆ ತೊಳಸುತ್ತಿದ್ದ ಆ ಮಾತ್ರೆಗಳನ್ನು ಇನ್ನೇಕೆ ನುಂಗಬೇಕು? ಸೊಳ್ಳೆ ಅಲ್ಲೇ ಉಳಿಯಿತು, ತಾನು ಇಲ್ಲಿದ್ದೇನೆ. ಮಾತ್ರೆ ನಿಲ್ಲಿಸಿದ. ಹೆಂಡತಿ ಒಂದೆರಡು ಸಲ ನೆನಪಿಸಿದಾಗ, ನನಗೆ ಹೇಳಿಕೊಡುತ್ತೀಯಾ ಎಂದು ಗದರಿದ.

ಮುಂದಿನ ವಾರಗಳಲ್ಲೊಂದು ಮಧ್ಯಾಹ್ನ ಕ್ಲಾಸಿನ ನಡುವೆಯೇ ಅವನಿಗೆ ನಡುಕ ಬಂತು. ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಬಳಿಕ ಮೈ ಕೆಂಡ, ಆಮೇಲೆ ಬೆವರಿನ ಮಳೆ. ಬೀದಿಯ ಡಾಕ್ಟರ ಹತ್ತಿರ ಹೋದಾಗ ಹುಷಾರಪ್ಪ ಬಿಸಿಲು, ಸುಸ್ತು, ಥಿನ್ನರ್ ವಾಸನೆ, ಎಲ್ಲವನ್ನೂ ಹೇಳಿದ, ಹೊರದೇಶವೊಂದನ್ನು ಬಿಟ್ಟು. ಜ್ವರ ಬಂದರೆ ಮೊದಲು ಎಲ್ಲಿಗೆ ಹೋಗಿದ್ದೆ ಎಂದು ಹೇಳಬೇಕು ಎಂದು ಊರಿಗೆಲ್ಲ ಸಾರಿದವನು, ಮಾತ್ರೆ ಬಿಟ್ಟದ್ದು ಬಯಲಾಗುತ್ತದೆಂದು ಬಾಯಿ ಹೊಲಿದುಕೊಂಡಿದ್ದ. ಡಾಕ್ಟರು ಸಾಮಾನ್ಯ ಜ್ವರವೆಂದು ಚೀಟಿ ಬರೆಯಲು ಪೆನ್ನು ತೆಗೆದರು.

“ಡಾಕ್ಟ್ರೇ, ಇವರು ಮಲೇರಿಯಾ ಇರೋ ದೇಶಕ್ಕೆ ಹೋಗ್ಬಂದಿದ್ದಾರೆ,” ಎಂದಳು ಹೆಂಡತಿ. “ಬಂದ್ಮೇಲೆ ಮಾತ್ರೆ ಬಿಟ್ಟಿದ್ದಾರೆ. ನಾಚಿಕೆಗೆ ಹೇಳ್ತಾ ಇಲ್ಲ.”

ಡಾಕ್ಟರು ಪೆನ್ನಿನ ಕ್ಯಾಪ್ ಹಾಕಿ, ರಕ್ತ ಪರೀಕ್ಷೆಗೆ ಕಳಿಸಿದರು. ಅನುಮಾನ ನಿಜವಾಗಿತ್ತು, ಕೆಟ್ಟ ಜಾತಿಯ ಮಲೇರಿಯಾವೇ. ಇನ್ನೊಂದೆರಡು ದಿನ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ ಎಂದರು ದೊಡ್ಡಾಸ್ಪತ್ರೆಯವರು. ಅಲ್ಲಿ ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ ಹುಷಾರಪ್ಪ, ಜ್ವರ ನೆತ್ತಿಗೇರಿದಾಗ ಪಕ್ಕದ ಹಾಸಿಗೆಯವನಿಗೆ ಐಸ್ ಮುಟ್ಟಬೇಡ ಎಂದು ಬೋಧಿಸಿದನಂತೆ. ಆ ಮನುಷ್ಯನ ಹಣೆಯ ಮೇಲೆ ಐಸಿನ ಚೀಲವಿತ್ತು.

ಜ್ವರ ಇಳಿದ ಬೆಳಿಗ್ಗೆ ಹೆಂಡತಿ ಪಕ್ಕದಲ್ಲಿ ಕೂತು ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದಳು. ಹುಷಾರಪ್ಪ ಅವಳನ್ನು ನೋಡಿ, ತುಂಬ ಹೆದರಿದೆಯಾ ಎಂದು ಕೇಳಿದ.

“ಇಲ್ಲಿ ಡಾಕ್ಟ್ರಿದ್ರು,” ಎಂದಳು ಅವಳು, ಸೂಜಿಯಿಂದ ಕಣ್ಣು ತೆಗೆಯದೆ. “ಆವತ್ತು ಫೋನಲ್ಲಿ ನೀರು ಬಂತಾ ಅಂದ್ರಲ್ಲ, ಆವತ್ತು ಹೆದರಿದ್ದೆ. ಅಭ್ಯಾಸಕ್ಕೆ ಕೇಳಿರ್ತೀರಿ ಅಂತ ಮುಕ್ಕಾಲು ಗೊತ್ತಿತ್ತು. ಊರೆಲ್ಲ ನಗುತ್ತೆ ಅಂತಾನೂ ಗೊತ್ತಿತ್ತು. ಆದ್ರೂ ಆ ಕಾಲು ಭಾಗಕ್ಕೆ ಫೋನ್ ಮಾಡ್ದೆ.”

ಅಷ್ಟು ದಿನ ಆ ಸಂಜೆಯನ್ನು ನೆನೆದಾಗಲೆಲ್ಲ ಹುಷಾರಪ್ಪನ ಕಣ್ಣ ಮುಂದೆ ಬರುತ್ತಿದ್ದದ್ದು ತಾನು ಮಲಗಿದ ಒದ್ದೆ ನೆಲ ಮಾತ್ರ. ಇತ್ತ ಕತ್ತರಿ ಹಿಡಿದು ನಿಂತವಳು ಅವನಿಗೆ ಹೊಳೆದೇ ಇರಲಿಲ್ಲ. ಡ್ರಿಪ್ ಇಲ್ಲದ ಕೈ ಚಾಚಿ ಅವಳ ಮೊಣಕೈ ಹಿಡಿದುಕೊಂಡ. ಸೂಜಿ ಚುಚ್ಚೀತು, ಬಿಡಿ ಎಂದಳು. ಅವನು ಬಿಡಲಿಲ್ಲ, ಅವಳೂ ಕೈ ಎಳೆದುಕೊಳ್ಳಲಿಲ್ಲ.

ಚೇತರಿಸಿಕೊಂಡು ಕೆಲಸಕ್ಕೆ ಹೋದ ಮೇಲೆ ಅವನು ಕ್ಲಾಸನ್ನು ಅರ್ಧಕ್ಕೆ ಇಳಿಸಿದ. ಅದೇನು ವಿವೇಕ ಬಂದದ್ದಲ್ಲ, ಬಹಳ ಹೊತ್ತು ಮಾತಾಡಲು ಶಕ್ತಿ ಇರಲಿಲ್ಲ. ಮಾತ್ರೆ ನಿಲ್ಲಿಸಿದ್ದನ್ನು, ಡಾಕ್ಟರ ಮುಂದೆ ಮುಚ್ಚಿಟ್ಟದ್ದನ್ನು ಫಿಟ್ಟರುಗಳೇ ಕೆದಕಿ ಕೆದಕಿ ಕೇಳಿದರು. ಅವನು ಮೊದಮೊದಲು ಮುಖ ಕೆಂಪು ಮಾಡಿಕೊಂಡು, ಬರಬರುತ್ತ ರಸವತ್ತಾಗಿಯೇ ಹೇಳಿದ. ಕ್ಲಾಸಿನಲ್ಲಿ ಗೊರಕೆ ಕಡಿಮೆಯಾಯಿತು.

ಹೋದ ವರ್ಷ ಅದೇ ದೇಶದಲ್ಲಿ ಎರಡನೇ ಹಂತದ ಕೆಲಸ ಶುರುವಾದಾಗ ಮ್ಯಾನೇಜರ್ ಇನ್ನೊಬ್ಬನನ್ನು ಕಳಿಸುವ ಮಾತೆತ್ತಿದ. ಹುಷಾರಪ್ಪ ತಾನೇ ಹೋಗುತ್ತೇನೆಂದು ಎದ್ದು ನಿಂತ. ಹೋದ, ಬಂದ, ಏನೂ ಆಗಲಿಲ್ಲ. ಈ ಸಲ ಬಂದ ಮೇಲೆ ಹೆಂಡತಿ ಅವನ ನಾಲಿಗೆಯ ಮೇಲೆ ತಾನೇ ಮಾತ್ರೆ ಇಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು.