ನಂಜಯ್ಯನ ಬಾಯಿ ಮೂಸಿದ ದಿನ

ನಂಜಯ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅರಕಲಗೂಡಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಇರಬಹುದು. ಆದರೆ ಅರವತ್ತೆರಡನೇ ಇಸವಿಯಲ್ಲಿ ಅವನಿಗೆ ಬಂದ ಸಿಟ್ಟಿಗೆ ತಪ್ಪು ಹೇಳುವವರ ಬಾಯಿಗೆ ಮಣ್ಣು ಹಾಕ!

ಅವನು ಹೊಗೆಸೊಪ್ಪಿನ ವ್ಯಾಪಾರಿ ಪರಮಶಿವಯ್ಯನವರ ಹಳೇ ಆಸ್ಟಿನ್ ಕಾರಿನ ಡ್ರೈವರು. ಅವನ ಅಪ್ಪ ದೊಡ್ಡಬೀರಯ್ಯ ಅದೇ ಮನೆಯಲ್ಲಿ ಎತ್ತಿನ ಗಾಡಿ ಹೊಡೆದು ಸೊಂಟ ಬಗ್ಗಿಸಿಕೊಂಡವನು. ಆ ಯುಗಾದಿಗೆ ಯಜಮಾನರು ಎತ್ತು, ಗಾಡಿ ಎರಡನ್ನೂ ಮಾರಿಬಿಟ್ಟರು. ಮುದುಕ ಬರಿದಾದ ಕೊಟ್ಟಿಗೆ ಗುಡಿಸಿಕೊಂಡು ಉಳಿದ.

ಯುಗಾದಿ ಕಳೆದದ್ದೇ ತಡ, ಕಾರಿನ ಬ್ರೇಕು ಕೈಕೊಟ್ಟಿತು. ಪೆಡಲು ಗಟ್ಟಿಯಾಗಿಯೇ ಇದೆ, ಪೈಪು ಸೋರಿಲ್ಲ, ಒಳಗೆ ಗಾಳಿ ಸೇರಿಲ್ಲ. ಆದರೂ ತುಳಿದರೆ ಕಾರು ತನ್ನ ಪಾಡಿಗೆ ತಾನು ಹೋಗುತ್ತದೆ. ಚಕ್ರ ಬಿಚ್ಚಿದರೆ, ಡ್ರಮ್ಮಿಗೆ ಉಜ್ಜಿ ಚಕ್ರವನ್ನು ನಿಲ್ಲಿಸುವ ಲೈನಿಂಗ್ ಪಟ್ಟಿಗಳ ಮೇಲೆಲ್ಲ ಜಿಡ್ಡು. ಎಣ್ಣೆ ಹೊರಗೆ ಬರದಂತೆ ತಡೆಯುವ ಆಕ್ಸಲಿನ ಸೀಲು ಹೋಗಿರಬೇಕೆಂದು ಹಾಸನದಿಂದ ಹೊಸ ಸೀಲು, ಹೊಸ ಲೈನಿಂಗ್ ತಂದು ಹಾಕಿದ. ಕೆಲವು ದಿನಕ್ಕೆ ಮತ್ತೆ ಅದೇ ಜಿಡ್ಡು. ನಂಜಯ್ಯ ಸ್ಪ್ಯಾನರ್ ಎಸೆದು ಆ ಕಾರಿನ ವಂಶವನ್ನೆಲ್ಲ ಜಾಲಾಡಿದ.

ಜಿಡ್ಡು ಒರೆಸಿಕೊಂಡು ಯಜಮಾನರನ್ನು ಸಂತೆಗೆ ಕರೆದೊಯ್ಯುವಾಗ, ಹೊಳೆನರಸೀಪುರದ ಸೇತುವೆಯ ಇಳಿಜಾರಿನಲ್ಲಿ ಕಾರು ನಿಲ್ಲದೆ, ಮುಂದೆ ಹೋಗುತ್ತಿದ್ದ ಹುಲ್ಲಿನ ಗಾಡಿಗೆ ನುಗ್ಗಿತು. ಯಾರಿಗೂ ಪೆಟ್ಟಾಗಲಿಲ್ಲ. ಸಂತೆಯ ಜನ ಸುತ್ತ ಸೇರಿದರು. ಪರಮಶಿವಯ್ಯ ಕೆಳಗಿಳಿದು ಡ್ರೈವರನ ಕುತ್ತಿಗೆಪಟ್ಟಿ ಹಿಡಿದರು.

"ಬಾಯಿ ಬಿಡೋ," ಎಂದು ಅವನ ಮುಖಕ್ಕೆ ಮೂಗು ತಂದು ಮೂಸಿದರು. "ಎಲ್ಲಿ ಕುಡ್ದು ಬಂದೆ? ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಹೋಯ್ತು ಅಂತ ತಿಳ್ಕೊ. ಈ ಜಿಲ್ಲೇಲಿ ನಿನ್ನ ಕೈಗೆ ಯಾರೂ ಗಾಡಿ ಕೊಡದ ಹಾಗೆ ಮಾಡ್ತೀನಿ."

ಹೆಂಡದ ಹನಿಯನ್ನೂ ಮುಟ್ಟದ ಆಳು ಅವನು. ಇವರ ಮೂಗಿಗೆ ಬೆಂಕಿ ಬೀಳ! ನಂಜಯ್ಯನಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಮತ್ತೆ ಡ್ರಮ್ಮು ಬಿಚ್ಚಿ, ಜಿಡ್ಡನ್ನು ಬೆರಳಲ್ಲಿ ಉಜ್ಜಿ ಮೂಸಿದ. ಅದು ಕಾರಿನ ಎಣ್ಣೆಯಲ್ಲ, ಹರಳೆಣ್ಣೆ! ಯಾರೋ ಬೇಕೆಂದೇ ಹಾಕುತ್ತಿದ್ದಾರೆ. ಹೊಸ ಲೈನಿಂಗ್ ಕೂರಿಸಿ, ಕಾರನ್ನು ಅಂಗಳದಲ್ಲಿ ಬಿಟ್ಟು, ಗೋದಾಮಿನ ಹಿಂದೆ ಹಲ್ಲು ಕಡಿಯುತ್ತ ರಾತ್ರಿಯೆಲ್ಲ ಕಾದ.

ನಸುಕಿನಲ್ಲಿ ಬಂದವನು ಅವನ ಅಪ್ಪ. ಕೈಯಲ್ಲಿ, ಗಾಡಿಯ ಕೀಲಿಗೆ ಬಿಡುವ ಹರಳೆಣ್ಣೆ ತುಂಬಿದ ಬಿದಿರಿನ ಗೊಟ್ಟ. ಮುದುಕ ಒಂದೊಂದೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಬ್ರೇಕು ಬಿಗಿ ಮಾಡಲು ಬಿಟ್ಟಿರುವ ತೂತಿನಲ್ಲಿ ಎಣ್ಣೆ ಹೊಯ್ಯುತ್ತಿದ್ದ. ನಂಜಯ್ಯ ಹತ್ತಿರ ಹೋಗುವಷ್ಟರಲ್ಲಿ ಮೂರು ಚಕ್ರ ಮುಗಿದಿದ್ದವು.

"ಅಪ್ಪಾ! ಏನ್ಮಾಡ್ತಿದ್ದೀಯ?"

"ಗಾಲಿ ಕಿರ್ ಅಂತದೆ ಕಣ್ಲಾ ಮಗ. ಒಣಗಾಲೀಲಿ ನಿನ್ನ ಎಂಗ್ಲಾ ಕಳ್ಸಲಿ?"

ನಂಜಯ್ಯ ಗೊಟ್ಟ ಕಿತ್ತುಕೊಂಡು ಗೋಡೆಗೆ ಅಪ್ಪಳಿಸಿದ. "ನಮ್ಮನ್ನ ಕೊಂದೇ ಬುಡ್ತಿದ್ದಲ್ಲಪ್ಪಾ!"

ಗಲಾಟೆ ಕೇಳಿ ಪರಮಶಿವಯ್ಯ ಹೊರಗೆ ಬಂದರು. ವಿಷಯ ತಿಳಿದು, "ಈ ಮುದುಕನ್ನ ಮೊದಲು ಆಚೆಗೆ ಹಾಕು. ನೀನು ಇರು," ಎಂದರು.

ದೊಡ್ಡಬೀರಯ್ಯ ಕೈಮುಗಿದ. "ಸಾಮಿ, ಎತ್ತು ಮಾರ್ದಾಗ ನೀವೇ ಅಲ್ವರಾ ಅಂದಿದ್ದು? ಅಳ್ಬ್ಯಾಡ ಬೀರ, ಇನ್ಮ್ಯಾಕೆ ಕಾರಿನ ಗಾಲಿ ನೋಡ್ಕೊ ಅಂತ?"

"ಅಯ್ಯೋ, ತಮಾಷೆಗೆ ಅಂದದ್ದು ಕಣೋ!" ಯಜಮಾನರು ಹೊಟ್ಟೆ ಕುಣಿಸಿ ನಕ್ಕರು.

ಆ ನಗು ನಂಜಯ್ಯನಿಗೆ ತಡೆಯಲಾಗಲಿಲ್ಲ. ಹಿಂದಿನ ದಿನ ಬಿಚ್ಚಿಟ್ಟಿದ್ದ ಜಿಡ್ಡಿನ ಲೈನಿಂಗನ್ನು ಅವರ ಬಿಳಿ ಅಂಗಿಗೆ ಒತ್ತಿ ಹಿಡಿದ.

"ತಮಾಷೆಯಾ ಸಾ? ಎಲ್ರ ಮುಂದೆ ನನ್ ಬಾಯಿ ಮೂಸಿದ್ರಲ್ಲ. ಈಗ ಇದ್ನ ಮೂಸಿ. ಇದು ನೀವಾಡಿದ್ ಮಾತು."

ಕೀಲಿಕೈಯನ್ನು ಅವರ ಕಾಲ ಬುಡಕ್ಕೆ ಎಸೆದು, ಅಪ್ಪನ ರಟ್ಟೆ ಹಿಡಿದು ಹೊರಟ. ಗೇಟಿನ ಹತ್ತಿರ ಮುದುಕ ತಡೆದು ನಿಂತು, ಕಾರಿನ ಕಡೆ ತಿರುಗಿ ನೋಡಿದ.

"ಒಂದ್ ಗಾಲಿ ಉಳ್ಕತು ಕಣ್ಲಾ," ಎಂದ.